ಗಲಾಟೆ ಎರಡು

ಏಳನೇ ಕ್ಲಾಸು ದಾಟದೋನು ನಮಗೆ ಏಳರ ಲೆಕ್ಕ ಹೇಳ್ಕೊಡೋಕೆ ಬಂದ್ರೆ ಹೀಗೇ ಆಗೋದು, ಇವನಿಗೆ ಹಾಡು ಎಲ್ಲಿ ಮುಗೀತು ಅನ್ನೋದೇ ಗೊತ್ತಿಲ್ಲ — ಅಂದ, ಎಲ್ಲರ ಎದುರಿಗೇ ಅಂದ, ಹನ್ನೊಂದು ಜನರ ಎದುರಿಗೆ, ಹಲ್ಲಿನ ಡಾಕ್ಟರು, ತನ್ನ ಮೂವತ್ತೆರಡನ್ನೂ ಬಿಟ್ಟುಕೊಂಡು, ಒಂದಕ್ಕೂ ಕಲೆಯಿಲ್ಲ, ಬಚ್ಚಲಿಗೆ ಹೊಸದಾಗಿ ಹಾಕಿಸಿದ ಟೈಲ್ಸಿನ ಹಾಗೆ, ಮೊದಲು ನಕ್ಕವನು ವಿಮೆ ಏಜೆಂಟು, ಅವನು ಯಾವಾಗಲೂ ಮೊದಲು ನಗುತ್ತಾನೆ, ಅರ್ಥವಾಗುವುದು ಆಮೇಲೆ, ಅವನ ಹಿಂದೆ ಕನ್ನಡಕದ ಅಂಗಡಿಯವರು, ಅವರ ಹಿಂದೆ ಬ್ಯಾಂಕಿನ ಅಣ್ಣತಮ್ಮಂದಿರು, ನಗು ಕುರ್ಚಿಯಿಂದ ಕುರ್ಚಿಗೆ ಬಿಸ್ಕತ್ತಿನ ತಟ್ಟೆಯ ಹಾಗೆ ದಾಟಿಕೊಂಡು ಹೋಯಿತು, ಮತ್ತು ನಾನು ಏಳನೇ ಕ್ಲಾಸು ಪಾಸಾಗಿದ್ದೇನೆ, ಅದನ್ನು ಹೇಳಬೇಕು, ನಾನು ಬಿಟ್ಟದ್ದು ಎಂಟನೆಯದನ್ನು, ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ, ಅದಕ್ಕೂ ಇದಕ್ಕೂ ವ್ಯತ್ಯಾಸವಿದೆ ಡಾಕ್ಟ್ರೇ ಎಂದು ಹೇಳಬೇಕು, ಆದರೆ ಹಾಗೆ ಹೇಳಿದರೆ ಇನ್ನೊಂದು ಸುತ್ತು ನಗುತ್ತಾರೆ, ತಟ್ಟೆ ವಾಪಸು ಬರುತ್ತದೆ, ನಿಂತಿದ್ದೇನೆ, ಹಲ್ಲು ಕೀಳಿಸಿಕೊಳ್ಳುವವರು ಕಾಯುವ ಈ ಕೋಣೆಯ ನಟ್ಟನಡುವೆ, ಗೋಡೆಯ ಮೇಲೆ ಉದ್ದಕ್ಕೆ ಸೀಳಿದ ಒಂದು ದವಡೆ ಹಲ್ಲಿನ ಬಣ್ಣದ ಚಿತ್ರ, ಬೇರು, ನರ, ಹುಳುಕು, ಎಲ್ಲಕ್ಕೂ ಬಾಣದ ಗುರುತು, ಮೇಜಿನ ಮೇಲೆ ರೆಕಾರ್ಡು ಇನ್ನೂ ತಿರುಗುತ್ತಿದೆ, ಹಾಡು ಮುಗಿದು ಮುಳ್ಳು ಒಳಗಿನ ಕೊನೆಯ ಗೆರೆಯಲ್ಲಿ ಸಿಕ್ಕಿಕೊಂಡು ಕ್ಷ್, ಕ್ಷ್, ಕ್ಷ್, ಯಾರೂ ಎತ್ತುತ್ತಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಎಲ್ಲಪ್ಪಾ ನಿನ್ನ ಮನುಷ್ಯ, ಅಂತಾನೆ ಡಾಕ್ಟರು, ಕೊನೇಲಿ ಒಬ್ಬ ಮನುಷ್ಯ ಬರ್ತಾನೆ ಅಂದ್ಯಲ್ಲ, ಬಸ್ಸು ತಪ್ಪಿಸ್ಕೊಂಡ್ನಾ, ಬಾಯಿ ಬಿಡಪ್ಪಾ — ಬಾಯಿ ಬಿಡಿಸುವುದೇ ಇವನ ಕಸುಬು, ವಾರಕ್ಕೆ ಆರು ದಿನ ಜನ ಇವನ ಮುಂದೆ ಬಾಯಿ ಬಿಟ್ಟು ಮಲಗುತ್ತಾರೆ, ಅದಕ್ಕೇ ಏಳನೆಯ ದಿನವೂ ತನಗೊಬ್ಬನಿಗೇ ಮಾತು ಬರುವುದು ಎಂದುಕೊಂಡಿದ್ದಾನೆ.

ಹದಿನಾಲ್ಕು ಭಾನುವಾರ ಕಾದಿದ್ದೇನೆ ನಾನು. ರೆಕಾರ್ಡು ಕೇಳುವ ಈ ಕೂಟದ ನಿಯಮ ಹಾಗೆ, ವಾರಕ್ಕೊಬ್ಬರು ಒಂದು ಆಲ್ಬಮ್ ತರಬೇಕು, ಅದು ಯಾಕೆ ದೊಡ್ಡದು ಎಂದು ಮಾತಾಡಬೇಕು, ಕೇಳಿಸಬೇಕು, ಆಮೇಲೆ ಕೈ ಎತ್ತುತ್ತಾರೆ, ಅರ್ಧಕ್ಕಿಂತ ಹೆಚ್ಚು ಕೈ ಎದ್ದರೆ ಅದು ಗಾಜಿನ ಕಪಾಟಿಗೆ ಹೋಗುತ್ತದೆ, ಪಕ್ಕದಲ್ಲಿ ಒಂದು ಚೀಟಿ, ತಂದವರ ಹೆಸರು, ಟೈಪು ಮಾಡಿದ್ದು, ಟೈಪು ಮಾಡಿದ ನನ್ನ ಹೆಸರನ್ನು ನಾನು ನೋಡಿರುವುದು ಒಂದೇ ಕಡೆ, ಕಾರ್ಖಾನೆಯ ಗೇಟಿನಲ್ಲಿ, ತಡವಾಗಿ ಬಂದವರ ಪಟ್ಟಿಯಲ್ಲಿ, ಹದಿಮೂರು ವಾರ ಬೇರೆಯವರು ತಂದ ಪ್ರೊಗ್ರೆಸಿವ್ ರಾಕ್ ಎಂಬ ಪರದೇಶದ ಸಂಗೀತವನ್ನು ಬಾಯಿ ಮುಚ್ಚಿಕೊಂಡು ಕೇಳಿದ್ದೇನೆ, ಪ್ರೊಗ್ರೆಸ್ ಎಂಬ ಮಾತು ನನಗೆ ಅದಕ್ಕೆ ಮೊದಲು ಗೊತ್ತಿದ್ದದ್ದು ಶಾಲೆಯ ಪ್ರೊಗ್ರೆಸ್ ಕಾರ್ಡಿನಿಂದ, ಅದರಲ್ಲಿ ಅದು ಇರುತ್ತಿರಲಿಲ್ಲ, ನನ್ನನ್ನು ಇಲ್ಲಿಗೆ ಕರೆತಂದವರು ಲೈಬ್ರರಿ ಮೇಡಂ, ಅಗೋ ಅಲ್ಲಿ ಕಿಟಕಿಯ ಹತ್ತಿರ ಕೂತಿದ್ದಾರೆ, ಅವರು ನಕ್ಕಿಲ್ಲ, ಅವರು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುತ್ತಿದ್ದಾರೆ, ಬಿಚ್ಚುತ್ತಿದ್ದಾರೆ, ಮತ್ತೆ ಮಡಿಸುತ್ತಿದ್ದಾರೆ, ನೀನು ಮಾತಾಡೋ, ನೀನು ಮಾತಾಡಿದ್ರೆ ಅವರಿಗೆಲ್ಲ ಕಿವಿ ತೊಳೆದ ಹಾಗಾಗುತ್ತೆ ಎಂದಿದ್ದರು, ತೊಳೆದೆನಲ್ಲ ಮೇಡಂ, ನನ್ನ ಕ್ಯಾಸೆಟ್ಟು ಹಾಕಿ ಐವತ್ತು ನಿಮಿಷ ತೊಳೆದೆ, ಈ ಡಾಕ್ಟರು ಅಷ್ಟು ಹೊತ್ತೂ ತಲೆಯಾಡಿಸುತ್ತಾ ಕೂತಿದ್ದು, ನಾನು ಮುಗಿಸಿದ ಮೇಲೆ ಮೇಜಿನ ಕೆಳಗಿನಿಂದ ಅಸಲಿ ರೆಕಾರ್ಡನ್ನು ಎಳೆದ, ಎಲ್ಲಿಂದಲೋ ತರಿಸಿ ಬಚ್ಚಿಟ್ಟುಕೊಂಡಿದ್ದ, ಎಳೆಯುವ ಮುಂಚೆ ಕೈಗೆ ಗವಸು ಬೇರೆ ಹಾಕಿಕೊಂಡ, ಹಲ್ಲು ಕೀಳುವ ಗವಸು, ಆಗ ನಾನು ಜೀವಮಾನದಲ್ಲಿ ಮೊದಲ ಸಲ ಅದರ ಹೊದಿಕೆ ನೋಡಿದೆ, ಬೂದು ಬಣ್ಣದ ಒಂದು ನೀರಿನ ಗೋಪುರ, ತುದಿಯಲ್ಲಿ ಹಳದಿಯ ಒಂದು ಕಿಟಕಿ, ಉಗುರಿನಷ್ಟು, ಮುಟ್ಟಬೇಕೆನಿಸಿತು, ಕೈ ಚಾಚಿದೆ, ಗವಸು ಇಲ್ದೆ ಬೇಡಪ್ಪಾ ಎಂದ.

ನನಗೆ ಅದು ಗೋಪುರ ಅಲ್ಲ, ನನಗೆ ಅದು ಗಲಾಟೆ ಎರಡು. ಕ್ಯಾಸೆಟ್ಟಿನ ಮೇಲೆ ಮಾವನ ಕೈಬರಹದಲ್ಲಿ ಹಾಗೆಯೇ ಇದೆ, ಪರಭಾಷೆ, ಅಡ್ಡಗೆರೆ, ಗಲಾಟೆ, ಅಡ್ಡಗೆರೆ, 2, ಮಾವ ಎಂದರೆ ಅಮ್ಮನ ತಮ್ಮ, ಮದುವೆಯಿಲ್ಲ, ನಮ್ಮ ಮನೆಯಲ್ಲೇ ಇದ್ದಾನೆ, ನಾನು ಹುಟ್ಟುವ ಮುಂಚೆ ಅವನಿಗೊಂದು ಅಂಗಡಿಯಿತ್ತು, ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿ, ಜನ ಚೀಟಿ ಬರೆದು ಕೊಟ್ಟು ಹೋಗುವುದು, ಇವನು ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ಇಳಿಸುವುದು, ದಿನಕ್ಕೆ ಇಪ್ಪತ್ತು, ಮೂವತ್ತು, ಹಾಡುಗಳನ್ನು ಮೂರು ಜಾತಿ ಮಾಡಿಕೊಂಡಿದ್ದ, ಸಾದಾ, ಅಳು, ಗಲಾಟೆ, ಅಷ್ಟೊಂದು ಕೇಳಿದ್ದೀಯಲ್ಲ ಮಾವ, ಯಾವುದು ಇಷ್ಟ ನಿಂಗೆ ಎಂದು ಚಿಕ್ಕವನಿದ್ದಾಗ ಕೇಳಿದರೆ, ನಾವೆಲ್ಲಿ ಕೇಳ್ತಿದ್ವೋ, ನಾವು ಮೀಟರಿನ ಮುಳ್ಳು ನೋಡ್ತಿದ್ವಿ ಅಷ್ಟೇ, ಕೆಂಪಿಗೆ ಹೋಗ್ಬಾರ್ದು ಮುಳ್ಳು, ಹಾಡು ಕೇಳ್ತಾ ಕೂತ್ರೆ ಅಂಗಡಿ ನಡೀತದಾ ಅನ್ನುತ್ತಿದ್ದ, ನಡೆಯಲಿಲ್ಲ, ಈಗ ಒಂದು ಕಚೇರಿಯ ಕಟ್ಟಡದಲ್ಲಿ ಲಿಫ್ಟು ನಡೆಸುತ್ತಾನೆ, ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು, ದಿನಾ ಮುನ್ನೂರು ಸಲ ಮೇಲೆ ಹೋಗ್ತಾನೆ, ಒಂದು ಸಲಾನೂ ಮೇಲಕ್ಕೆ ಬರ್ಲಿಲ್ಲ ನನ್ನ ತಮ್ಮ ಅನ್ನುತ್ತಾಳೆ ಅಮ್ಮ, ಅವನ ಎದುರಿಗೇ ಅನ್ನುತ್ತಾಳೆ, ಅವನು ಇನ್ನೊಂದು ಸೌಟು ಬಡಿಸಿಕೊಳ್ಳುತ್ತಾನೆ, ಮುಂದಿನ ನಾಲ್ಕು ಹಲ್ಲಿಲ್ಲ, ಅದಕ್ಕೆ ಏನು ಅಂದರೂ ನಕ್ಕ ಹಾಗೆಯೇ ಕಾಣುತ್ತಾನೆ, ಅಂಗಡಿ ಮುಚ್ಚುವ ಮುಂಚೆ ಒಂದು ವಾರ ಇಲಿ ತಂತಿ ಕಡಿದು ಹಾಕಿತ್ತಂತೆ, ಹೊಸ ತಂತಿಗೆ ಗತಿಯಿಲ್ಲದೆ ಸ್ಪೀಕರಿನ ಮುಂದೆ ಮೈಕು ಇಟ್ಟು ತುಂಬಿಸಿದನಂತೆ, ಗಿರಾಕಿಗಳು ಕ್ಯಾಸೆಟ್ಟು ತಂದು ಮುಖಕ್ಕೆ ಎಸೆದರಂತೆ, ಏನ್ರೀ ಇದು, ಪ್ರೇಮಗೀತೆ ಮಧ್ಯ ನಾಯಿ ಬೊಗಳ್ತದೆ, ಲಾರಿ ಹಾರನ್ನು ಹೊಡೀತದೆ, ಹಾಗೆ ವಾಪಸು ಬಂದವು ಒಂದು ಚೀಲದಷ್ಟು ಮನೆಯ ಅಟ್ಟ ಸೇರಿದವು, ನಾನು ಶಾಲೆ ಬಿಟ್ಟ ವರ್ಷ ಆ ಚೀಲ ಬಿಚ್ಚಿದೆ, ಒಂದೊಂದಾಗಿ ಹಾಕಿದೆ, ಅಳು ಐದು, ನಾಯಿ, ಸಾದಾ ಹನ್ನೆರಡು, ಲಾರಿ, ಯಾರದೋ ಜಗಳ, ಆಮೇಲೆ ಇದು, ಇದರಲ್ಲಿ ನಾಯಿಯಿಲ್ಲ, ಲಾರಿಯಿಲ್ಲ, ಮೊದಲು ಒಂದು ಆರ್ಗನ್ನು, ತುಕ್ಕು ಹಿಡಿದ ದೊಡ್ಡ ಗೇಟನ್ನು ಯಾರೋ ಅವಸರವಿಲ್ಲದೆ ತೆರೆದ ಹಾಗೆ, ಅಷ್ಟೆ, ನಾನು ಒಳಗೆ ಹೋದೆ, ಎಂಟು ವರ್ಷವಾಯಿತು, ಹೊರಗೆ ಬಂದಿಲ್ಲ.

ಇದನ್ನೆಲ್ಲ ಇವರಿಗೆ ಹೇಳಿದೆನಲ್ಲ, ಚೀಲದ ವಿಷಯ ಬಿಟ್ಟು, ಮಾವನ ವಿಷಯ ಬಿಟ್ಟು, ಹಾಡಿನದು ಹೇಳಿದೆ, ನೀರಿನ ಗೋಪುರದ ಮೇಲೆ ಒಬ್ಬ ಕಾವಲುಗಾರ, ನೀರಿನ ಮಟ್ಟ ನೋಡಬೇಕು, ಬರೆದಿಡಬೇಕು, ಬದಲಿಗೆ ಬರಬೇಕಾದವನು ಬರುವುದಿಲ್ಲ, ಕೆಳಗಿನ ಊರು ಅವನನ್ನು ಮರೆತಿದೆ, ಅವನು ಇಳಿಯುವುದಿಲ್ಲ, ಇಳಿದರೆ ನೀರು ನೋಡುವವರು ಯಾರು, ಇದಿಷ್ಟು ಕಥೆ ಗೊತ್ತಾಗಲು ನಾನು ಎರಡು ವರ್ಷ ಕೇಳಿ ಕೇಳಿ ಮಾತು ಬರೆದುಕೊಂಡು ಹೋಗಿ ಲೈಬ್ರರಿ ಮೇಡಂ ಮುಂದೆ ಇಟ್ಟಿದ್ದೇನೆ, ಅವರು ನಿಘಂಟು ತೆಗೆದು ಇದು ಇಂಥ ಪದ ಇರಬಹುದಪ್ಪ ಎಂದು ಒಂದೊಂದಾಗಿ ಬಿಡಿಸಿದ್ದಾರೆ, ಅಲ್ಲೇ ಒಂದು ದಪ್ಪ ಪುಸ್ತಕವಿದೆ, ಜಗತ್ತಿನ ರಾಕ್ ಎಲ್ಲ ಅದರಲ್ಲಿದೆಯಂತೆ, ಅದರಲ್ಲಿ ಈ ಆಲ್ಬಮ್ಮಿಗೆ ಎರಡೇ ಪದ, ಅನಗತ್ಯವಾಗಿ ಉದ್ದ, ಅನಗತ್ಯವಾಗಿ ಉದ್ದವಂತೆ, ಹಾಗಾದರೆ ನದಿಯೂ ಅನಗತ್ಯವಾಗಿ ಉದ್ದ, ಅಮ್ಮನ ಬೈಗುಳವೂ ಅನಗತ್ಯವಾಗಿ ಉದ್ದ, ಬರೆದವನು ಎದುರಿಗೆ ಸಿಕ್ಕಿದ್ದರೆ ಅವನ ಮೂಗನ್ನು ಅಗತ್ಯವಿರುವಷ್ಟು ಗಿಡ್ಡ ಮಾಡುತ್ತಿದ್ದೆ, ಎರಡನೆಯ ಹಾಡು ಕೇಳಿದ್ದಾನಾ ಅವನು, ಅದರಲ್ಲಿ ಡ್ರಮ್ಮಿನವನು ಎರಡು ನಿಮಿಷ ಕೈ ಕಟ್ಟಿಕೊಂಡು ಕೂರುತ್ತಾನೆ, ಎಲ್ಲರೂ ಬಾರಿಸುತ್ತಾರೆ, ಇವನಿಲ್ಲ, ಆಮೇಲೆ ಒಂದು ಏಟು, ಒಂದೇ, ನನ್ನ ಬೆನ್ನುಹುರಿಗೆ ಅದು ಪ್ರತಿಸಲ ಬೀಳುತ್ತದೆ, ಮೂರನೆಯದರಲ್ಲಿ ಆರ್ಗನ್ನಿನವನು ಒಂದು ತಪ್ಪು ಸ್ವರ ಒತ್ತುತ್ತಾನೆ, ಒತ್ತಿ, ತಪ್ಪಾಯಿತೆಂದು ಓಡಿಹೋಗುವುದಿಲ್ಲ, ಮತ್ತೆ ಅದನ್ನೇ ಒತ್ತುತ್ತಾನೆ, ಹೌದು ನಂದೇ ತಪ್ಪು ಏನೀಗ ಅನ್ನುವ ಹಾಗೆ, ಮೂರನೆಯ ಸಲಕ್ಕೆ ಅದು ತಪ್ಪಾಗಿರುವುದಿಲ್ಲ, ಹಾಡೇ ಸರಿದು ಅದಕ್ಕೆ ಜಾಗ ಮಾಡಿಕೊಟ್ಟಿರುತ್ತದೆ, ಇಂಥದ್ದನ್ನು ಯಾವ ಮೇಷ್ಟ್ರು ಕಲಿಸುತ್ತಾರೆ, ಎರಡನೆಯ ಬದಿ ಪೂರ್ತಿ ಒಂದೇ ಹಾಡು, ಇಪ್ಪತ್ತೊಂದು ನಿಮಿಷ, ಅದು ಏಳರ ತಾಳದಲ್ಲಿ ನಡೆಯುತ್ತದೆ, ಅದು ಏಳು ಎಂದು ನನಗೆ ಯಾರೂ ಹೇಳಲಿಲ್ಲ, ನನ್ನ ಮಷೀನು ಹೇಳಿತು, ರಟ್ಟಿನ ಡಬ್ಬ ಮಾಡುವ ಕಾರ್ಖಾನೆ ನಮ್ಮದು, ನನ್ನದು ಪಂಚಿಂಗ್ ಮಷೀನು, ರಟ್ಟು ಎತ್ತು, ಒಳಗಿಡು, ಎಡಕ್ಕೆ ಕೂಡಿಸು, ಬಲಕ್ಕೆ ಕೂಡಿಸು, ಕೈ ತೆಗಿ, ಧಡ್, ಎಳಿ, ಏಳು, ಐದನೆಯದನ್ನು ಮರೆತರೆ ಆಮೇಲೆ ಲೆಕ್ಕ ಹಾಕಲು ಬೆರಳಿರುವುದಿಲ್ಲ, ಫೋರ್ಮನ್ನಿಗೆ ಅದೇ ಆಗಿದ್ದು, ಅವನು ಈಗ ಎಂಟರ ತನಕ ಮಾತ್ರ ಎಣಿಸಬಲ್ಲ, ಆ ಹಾಡು ತಲೆಯಲ್ಲಿ ಓಡಿದರೆ ನನ್ನ ಕೈ ತಪ್ಪುವುದಿಲ್ಲ, ದಿನಕ್ಕೆ ಮೂರು ಸಾವಿರ ರಟ್ಟು, ಹತ್ತು ಬೆರಳೂ ಇವೆ, ನೋಡಿ ಎಂದು ಇವರ ಮುಂದೆ ಕೈ ಎತ್ತಿ ತೋರಿಸಿದೆ, ಆಗಲೂ ವಿಮೆ ಏಜೆಂಟು ನಕ್ಕ, ಅವನಿಗೆ ಬೆರಳು ಎಂದರೆ ಪಾಲಿಸಿ.

ಆಮೇಲೆ ಕೊನೆಯದನ್ನು ಹೇಳಿದೆ, ಬಿರುಗಾಳಿಯಂಥ ಆರ್ಗನ್ನು ನಿಲ್ಲುತ್ತದೆ, ತೊಟ್ಟಿ ಬಹಳ ವರ್ಷದಿಂದ ಖಾಲಿಯೇ ಇತ್ತೆಂದು ಕಾವಲುಗಾರನಿಗೆ ಗೊತ್ತಾಗಿದೆ, ಸದ್ದಿಲ್ಲ, ಕಥೆ ಮುಗಿಯಿತು ಅಂದುಕೊಳ್ಳುತ್ತೀರಿ, ಇಲ್ಲ, ಒಂದು ಕುರ್ಚಿ ಕಿರ್ ಅನ್ನುತ್ತದೆ, ಹೆಜ್ಜೆ, ಯಾರೋ ಬಂದರು, ಗಂಟಲು ಸರಿಮಾಡಿಕೊಂಡರು, ಅದೇ ರಾಗವನ್ನು ಸಿಳ್ಳೆಯಲ್ಲಿ, ಸ್ವಲ್ಪ ಸೋರುವ ಸಿಳ್ಳೆಯಲ್ಲಿ, ಏನನ್ನೋ ಕಲಕುವ ಸದ್ದು, ಟಕ್, ಮುಗಿಯಿತು, ಬದಲಿಯವನು ಬಂದ, ತಿಳಿಯಿತಾ ನಿಮಗೆ, ಇಡೀ ಆಲ್ಬಮ್ ಯಾರಿಗಾಗಿ ಕಾದಿತ್ತೋ ಅವನು ಬಂದೇ ಬಂದ, ಬಂದವನು ಭಾಷಣ ಮಾಡಲಿಲ್ಲ, ಚಹಾ ಮಾಡಿದ, ಇದಕ್ಕಿಂತ ದೊಡ್ಡ ಮುಕ್ತಾಯ ಯಾವ ಹಾಡಿಗಿದೆ ತೋರಿಸಿ ಎಂದೆ, ಬ್ಯಾಂಕಿನ ಅಣ್ಣ ಕಣ್ಣೊರೆಸಿಕೊಂಡ, ನಾನೇ ನೋಡಿದೆ, ಲೈಬ್ರರಿ ಮೇಡಂ ಕೈ ಎತ್ತಲು ಶುರುಮಾಡಿದ್ದರು, ಇನ್ನು ಆರು ಕೈ ಸಾಕಿತ್ತು, ಆಗ ಡಾಕ್ಟರು ಗವಸು ಹಾಕಿಕೊಂಡ, ಅಸಲಿ ಹಾಕಿದ, ಬಿರುಗಾಳಿ ನಿಂತಿತು, ಎಲ್ಲರೂ ಕಿವಿ ಮುಂದೆ ಮಾಡಿ ಕೂತರು, ಕುರ್ಚಿಯಿಲ್ಲ, ಹೆಜ್ಜೆಯಿಲ್ಲ, ಕ್ಷ್, ಕ್ಷ್, ಕ್ಷ್.

ಒಂದ್ನಿಮಿಷ ಡಾಕ್ಟ್ರೇ, ಇನ್ನೊಂದ್ಸಲ ಅವನ ಕ್ಯಾಸೆಟ್ ಕೇಳೋಣ, ಮೇಡಂ ಅನ್ನುತ್ತಿದ್ದಾರೆ, ನನ್ನನ್ನು ಉಳಿಸಲೆಂದೇ ಅನ್ನುತ್ತಿದ್ದಾರೆ ಪಾಪ, ಖಂಡಿತ ಕೇಳೋಣ, ಈ ಡಬ್ಬದಲ್ಲಿ ಬೇಡ, ದೊಡ್ಡ ಸ್ಪೀಕರಲ್ಲೇ ಕೇಳೋಣ, ಡಾಕ್ಟರಿಗೆ ಉತ್ಸಾಹ, ನನ್ನ ಪುಟ್ಟ ಪ್ಲೇಯರಿನ ಕಿವಿಗೆ ಒಂದು ತಂತಿ ಚುಚ್ಚುತ್ತಾನೆ, ಇನ್ನೊಂದು ತುದಿ ಬೀರುವಿನಷ್ಟು ಎತ್ತರದ ಆ ಎರಡು ಸ್ಪೀಕರುಗಳಿಗೆ, ನನ್ನದರಲ್ಲಿ ಇರುವುದು ಒಂದೇ ಸ್ಪೀಕರು, ಅದೂ ಅಂಗೈಯಗಲ, ಎಂಟು ವರ್ಷ ಅದರಲ್ಲೇ ಕೇಳಿದ್ದೇನೆ, ಗುಂಡಿ ಒತ್ತುತ್ತಾನೆ, ಬಿರುಗಾಳಿ, ಸದ್ದಿಲ್ಲ, ಕುರ್ಚಿ — ಕಬ್ಬಿಣದ ಕುರ್ಚಿ ಅದು, ಈಗ ಕಬ್ಬಿಣ ಕೇಳಿಸುತ್ತದೆ, ಹೆಜ್ಜೆ, ಚಪ್ಪಲಿ, ಒಂದರ ಹಿಮ್ಮಡಿ ಸವೆದಿದೆ, ಆಮೇಲೆ ಗಂಟಲು, ನನ್ನ ಪ್ಲೇಯರಿನಲ್ಲಿ ಅದು ಎಲ್ಲೋ ದೂರದ ಯಾರದೋ ಗಂಟಲಿನ ಹಾಗೆ ಕೇಳುತ್ತಿತ್ತು, ಹುಂ, ಬಿಡುವು, ಹ್ಹುಂಹುಂ, ಹೀಗೆ, ಒಂದು, ಬಿಡುವು, ಎರಡು, ಜಗತ್ತಿನಲ್ಲಿ ಹೀಗೆ ಗಂಟಲು ಸರಿಮಾಡಿಕೊಳ್ಳುವವನು ಒಬ್ಬನೇ, ಮಹಡಿಯ ನಂಬರು ಕೂಗುವ ಮುಂಚೆ, ಅಮ್ಮನಿಗೆ ಸುಳ್ಳು ಹೇಳುವ ಮುಂಚೆ, ಇನ್ನೊಂದು ಸೌಟು ಕೇಳುವ ಮುಂಚೆ, ಅಯ್ಯೋ ನನ್ನ ಮಾವ, ಅಯ್ಯೋ ಹಲ್ಲಿರುವ ಮಾವ, ಸಿಳ್ಳೆ ಹಾಕುತ್ತಿದ್ದಾನೆ, ನಾನು ಅವನ ಸಿಳ್ಳೆ ಕೇಳಿಯೇ ಇಲ್ಲ, ನಾನು ಹುಟ್ಟುವ ಹೊತ್ತಿಗೆ ಮುಂದಿನ ಹಲ್ಲು ಹೋಗಿದ್ದವು, ಕೋಣೆಯಲ್ಲಿ ನಗು, ಯಾವನೋ ಅಂಗಡಿಯವನು ಕಣ್ರೀ, ಮೈಕು ಆರಿಸೋದು ಮರ್ತು ಚಹಾ ಕಲಕ್ತಿದ್ದಾನೆ, ಡಾಕ್ಟರು ಅನ್ನುತ್ತಾನೆ, ಬದಲಿ ಕಾವಲುಗಾರನಂತೆ, ಅವನ ತಲೆ, ನಗು, ನಗು, ಆದರೆ ಚಮಚ, ಚಮಚ ಕೇಳಿ, ಗಾಜಿನ ಲೋಟ, ಟಿಂಟಿಂ ಎಂದು ಸುಮ್ಮನೆ ಕಲಕುತ್ತಿಲ್ಲ, ಎತ್ತು, ಇಡು, ಎಡ, ಬಲ, ಕೈ ತೆಗಿ, ಧಡ್, ಎಳಿ, ಮತ್ತೆ ಎತ್ತು, ಏಳು, ಮತ್ತೆ ಏಳು, ಆರನೆಯದಕ್ಕೆ ಒತ್ತು, ಡ್ರಮ್ಮಿನವನು ಎಲ್ಲಿ ಹೊಡೆಯುತ್ತಾನೋ ಅಲ್ಲೇ, ನಾವೆಲ್ಲಿ ಕೇಳ್ತಿದ್ವೋ, ಸುಳ್ಳ, ಮುಳ್ಳು ನೋಡ್ತಿದ್ವಿ ಅಷ್ಟೇ, ಮಹಾ ಸುಳ್ಳ, ಬೇರೆ ಎಲ್ಲ ಕ್ಯಾಸೆಟ್ಟಿನಲ್ಲಿ ನಾಯಿಯಿದೆ, ಲಾರಿಯಿದೆ, ಇದರಲ್ಲಿ ಯಾಕಿಲ್ಲ, ಇದೊಂದಕ್ಕೆ ನೀನು ಅಂಗಡಿಯ ಷಟರು ಎಳೆದುಕೊಂಡೆ, ಹಾಡುಹಗಲಲ್ಲಿ, ಗಿರಾಕಿಗಳು ಹೊರಗಿನಿಂದಲೇ ವಾಪಸು ಹೋಗಿರಬಹುದು, ನಲವತ್ತೊಂದು ನಿಮಿಷ ಆ ಕಬ್ಬಿಣದ ಕುರ್ಚಿಯಲ್ಲಿ ಕಿರ್ ಅನ್ನಿಸದೆ ಕೂತೆ, ಕೆಮ್ಮಲಿಲ್ಲ, ಎದ್ದಾಗ ಆ ಹಾಡು ನಿನ್ನ ಕೈಯಲ್ಲಿತ್ತು, ಕೈಗೆ ಸಿಕ್ಕಿದ್ದು ಚಮಚ — ಮತ್ತು ಈಗ ಆ ಚಮಚ ನಿಂತಿತು, ಮೂರನೆಯ ಸುತ್ತಿನ ನಡುವೆ, ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿದ್ದದ್ದು ಗಾಳಿಯಲ್ಲೇ ನಿಂತಿತು, ಅವನು ತಿರುಗಿ ನೋಡಿದ್ದಾನೆ, ಯಂತ್ರದ ಕೆಂಪು ದೀಪ ಇನ್ನೂ ಉರಿಯುತ್ತಿದೆ, ಎಲ್ಲ ದಾಖಲಾಗುತ್ತಿದೆ, ಚಮಚ ಎತ್ತಿ ಹಿಡಿದವನು ಹಾಗೇ, ಲೋಟಕ್ಕೆ ತಾಗಿಸದೆ, ಉಸಿರು ಬಿಡದೆ, ಗುಂಡಿ, ಟಕ್.

ನಿಜ ಹೇಳ್ಲಾ, ಲೈಬ್ರರಿ ಮೇಡಂ ಎದ್ದು ನಿಂತಿದ್ದಾರೆ, ನಂಗೆ ಆ ಚಹಾ ಇಲ್ದೆ ನಿಮ್ಮ ಅಸಲಿ ಬೋಳುಬೋಳಾಗಿ ಕಾಣಿಸ್ತು ಡಾಕ್ಟ್ರೇ, ಹೌದು ಕಣ್ರೀ ನಂಗೂ, ಬ್ಯಾಂಕಿನ ಅಣ್ಣ, ಏನ್ರೀ ಅಂಗಡಿಯವನ ಕೆಮ್ಮಿಗೆ ಕೈ ಎತ್ತಬೇಕಾ ನಾವು, ಬ್ಯಾಂಕಿನ ತಮ್ಮ, ಒಂದೇ ಮನೆಯಲ್ಲಿ ಎರಡು ಪಕ್ಷ, ಕನ್ನಡಕದ ಅಂಗಡಿಯವರು ಗಾಜು ಒರೆಸುತ್ತಾ ಇಬ್ಬರಿಗೂ ತಲೆಯಾಡಿಸುತ್ತಿದ್ದಾರೆ, ಡಾಕ್ಟರು ಕೈ ಮೇಲೆತ್ತುತ್ತಾನೆ, ತಾಳಿ ತಾಳಿ, ನಾನೇನು ಕಟುಕನಲ್ಲ, ಅವನು ಈಗ ನಿಜವಾಗಿಯೂ ಖುಷಿಯಾಗಿದ್ದಾನೆ, ಖುಷಿಯಾದಾಗ ಕೆಟ್ಟವನಲ್ಲ, ಅದೇ ನನಗೆ ಇನ್ನೂ ಸಿಟ್ಟು, ಕೇಳಪ್ಪಾ, ನಿನ್ನ ಕ್ಯಾಸೆಟ್ಟನ್ನೂ ಕಪಾಟಿಗಿಡೋಣ, ಅಸಲಿಯ ಪಕ್ಕದಲ್ಲೇ, ನಿನ್ನ ಹೆಸರಿನ ಚೀಟಿ ಹಾಕಿಯೇ ಇಡೋಣ, ನಮ್ಮಲ್ಲಿ ಇಂಥ ತಮಾಷೆ ಐಟಂ ಒಂದೂ ಇಲ್ಲ, ಬಂದೋರಿಗೆಲ್ಲ ಹಾಕಿ ಕೇಳಿಸಬಹುದು, ಆದ್ರೆ ಚೀಟಿ ಮೇಲೆ ಪೂರ್ತಿ ವಿವರ ಬೇಕು, ಈ ಚಹಾ ಮಹಾಶಯ ಯಾರು, ನಿನಗೆ ಗೊತ್ತು ಕಣೋ, ನಿನ್ನ ಮುಖ ನೋಡಿದ್ರೇ ಗೊತ್ತಾಗ್ತದೆ, ಯಾರು ಹೇಳು, ಬಾಯಿ ಬಿಡು. ಟೈಪು ಮಾಡಿದ ನನ್ನ ಹೆಸರು, ಗಾಜಿನ ಹಿಂದೆ, ಅದರ ಕೆಳಗೆ ಚಿಕ್ಕಕ್ಷರದಲ್ಲಿ ಮಾವ, ಭಾನುವಾರ ಭಾನುವಾರ ಬಂದವರಿಗೆಲ್ಲ ಗುಂಡಿ ಒತ್ತಿ ಮಾವನನ್ನು ಕೇಳಿಸುತ್ತಾರೆ, ಹುಂ, ಬಿಡುವು, ಹ್ಹುಂಹುಂ, ನಗು, ಬಿಸ್ಕತ್ತು, ನಾಳೆ ಇವರಲ್ಲೊಬ್ಬ ಆ ಕಟ್ಟಡಕ್ಕೆ ಹೋಗುತ್ತಾನೆ, ಲಿಫ್ಟು ಹತ್ತುತ್ತಾನೆ, ಓ ನೀವೇನಾ ಅದು ಅನ್ನುತ್ತಾನೆ, ಮಾವ ಏನು ಅಂದರೂ ನಕ್ಕ ಹಾಗೆಯೇ ಕಾಣುತ್ತಾನೆ, ನಾನು ಹೇಳಬಹುದು, ನಾಲಿಗೆಯ ತುದಿಯಲ್ಲಿ ನಾನೂರು ಮಾತಿವೆ, ಆ ಆಲ್ಬಮ್ ಮಾಡಿದ ಐದು ಜನ ಯಾರೂ ಬರುವುದಿಲ್ಲ ಎಂದು ಮುಗಿಸಿದ್ದರು ಡಾಕ್ಟ್ರೇ, ಯಾರೂ ಕೇಳಲೂ ಇಲ್ಲ ಅದನ್ನು, ದಪ್ಪ ಪುಸ್ತಕದವನೂ ಕೇಳಲಿಲ್ಲ, ಒಬ್ಬ ಕೇಳಿದ, ಷಟರು ಎಳೆದುಕೊಂಡು ಕೇಳಿದ, ಕೇಳಿ ಎದ್ದುಹೋದ, ಅಲ್ಲಿಗೆ, ಆ ಗೋಪುರದ ಮೇಲಕ್ಕೆ — ಇದನ್ನು ಹೇಳಿದರೆ ಇವರು ಗಂಭೀರವಾಗಿ ತಲೆಯಾಡಿಸುತ್ತಾರೆ, ಅದು ನಗುವುದಕ್ಕಿಂತ ಕೆಟ್ಟದ್ದು, ತಂತಿ ಕಿತ್ತೆ, ದೊಡ್ಡ ಸ್ಪೀಕರು ಢಮ್ಮೆಂದಿತು, ವಿಮೆ ಏಜೆಂಟಿನ ಬಿಸ್ಕತ್ತು ಚಹಾಕ್ಕೆ ಬಿತ್ತು, ಏಯ್ ಏಯ್, ಪ್ಲೇಯರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕುರ್ಚಿಗಳ ನಡುವೆ ನಡೆದೆ, ಎರಡು ಮೊಣಕಾಲು, ಒಂದು ಛತ್ರಿ, ಗಾಜಿನ ಬಾಗಿಲು, ಎಳೆದೆ, ಬರಲಿಲ್ಲ, ಇನ್ನೂ ಜೋರಾಗಿ ಎಳೆದೆ, ತಳ್ಳಬೇಕು ಕಣಪ್ಪಾ ಅಂದರು ಯಾರೋ, ಮರ್ಯಾದೆಯಿಂದ ಹೊರಗೆ ಹೋಗಲೂ ಬಿಡುವುದಿಲ್ಲ ಈ ಜನ, ತಳ್ಳಿದೆ, ಮೆಟ್ಟಿಲು, ಹಿಂದಿನಿಂದ ಡಾಕ್ಟರ ದನಿ, ಅಯ್ಯೋ ತಮಾಷೆಗೆ ಅಂದದ್ದು ಮಾರಾಯ, ಯಾರು ಅಂತಾದ್ರೂ ಹೇಳಿ ಹೋಗು, ಇಳಿಯುತ್ತಿದ್ದೇನೆ, ಉತ್ತರ ಗಂಟಲ ತನಕ ಬಂದಿದೆ, ಬಾಯಿ ತೆರೆಯುವುದಿಲ್ಲ ನಾನು, ಇವನ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಒಬ್ಬನಾದರೂ ಬಾಯಿ ತೆರೆಯದೆ ಇಳಿಯಲಿ, ಬೀದಿ, ಬಿಸಿಲು, ಒಂದು ನಾಯಿ, ಒಂದು ಲಾರಿ, ಹಾರನ್ನು, ನಡೆಯುತ್ತಿದ್ದೇನೆ, ಕಣ್ಣ ಮುಂದೆ ಷಟರಿನ ಸಂದಿಯಿಂದ ಬಿದ್ದ ಬೆಳಕು, ಹಲ್ಲಿರುವ ಒಬ್ಬ ಹುಡುಗ, ನನ್ನಷ್ಟೇ ವಯಸ್ಸು, ಕೆಂಪು ದೀಪ, ಎತ್ತಿ ಹಿಡಿದ ಚಮಚ, ಇನ್ನೇನು ಒಳಗಿಡಬೇಕು, ಇಡುತ್ತಿಲ್ಲ, ಚಮಚ, ಲೋಟದಿಂದ ಒಂದು ಬೆರಳು ಮೇಲೆ, ಚಮಚ, ತುದಿಯಲ್ಲಿ ಒಂದು ಹನಿ, ಬೀಳುತ್ತಿಲ್ಲ